ತಂತಿಗೆ ಎಡಹುರಿ ಹಾಕಿದ ಹಿಲಾರಿಯಾ

ಬೆಟ್ಟದ ಮೇಲಿನ ಎಲ್ ಆಲ್ಟೊ ಊರಿನ ನಮ್ಮ ಬೀದಿಯಲ್ಲಿ ಹಿಲಾರಿಯಾ ಯುಹ್ರಾ ಹೆಣೆದ ಕಿವಿಟೋಪಿ ಹಾಕಿಕೊಳ್ಳದೆ ಬೆಳೆದ ಮಗುವೇ ಇಲ್ಲ. ಮಾತಾಡುತ್ತಲೇ ಹೆಣೆಯುವಳು, ಜಗಳವಾಡುತ್ತಲೇ ಹೆಣೆಯುವಳು, ಬಸ್ಸಿನಲ್ಲಿ ನಿಂತುಕೊಂಡೂ ಹೆಣೆಯುವಳು. ಅಂಥವಳು ಮೊಮ್ಮಕ್ಕಳಾದ ಮೇಲೆ ಉಣ್ಣೆ ಬಿಟ್ಟು ತಂತಿ ಹಿಡಿದಳು.

ಅವಳು ಸೇರಿದ್ದು ಮಕ್ಕಳ ಹೃದಯದ ತೂತಿಗೆ ಮುಚ್ಚಳ ಮಾಡುವ ಕಾರ್ಖಾನೆ. ಕಾರ್ಖಾನೆಯೆಂದರೆ ಎರಡು ಕೋಣೆ, ಒಂದು ಕುಲುಮೆ. ಅದನ್ನು ನಡೆಸುವ ಡಾಕ್ಟರ್ ಇರ್ಮಾ ಮೊದಲು ತುಂಡು ತಂತಿಗಳನ್ನು ಬೆಸೆದು ನೋಡಿದ್ದರು. ಬೆಸುಗೆ ಇದ್ದಲ್ಲೇ ಮುರಿಯುತ್ತಿತ್ತು. ಒಂದೇ ಎಳೆಯಲ್ಲಿ ಹೆಣೆದರೆ ಹೇಗೆ ಎಂದು ಹೊಳೆದಾಗ ಹೆಣಿಗೆ ಬಲ್ಲ ನಮ್ಮಂಥ ಹೆಂಗಸರನ್ನು ಕರೆಸಿದರು.

ಆ ತಂತಿ ಕೂದಲಿನಷ್ಟು ಸಣ್ಣದು, ಆದರೆ ಅದಕ್ಕೆ ನೆನಪಿದೆ. ಅಚ್ಚಿನ ಮೇಲೆ ಹೆಣೆದು ಕುಲುಮೆಯಲ್ಲಿ ಕಾಯಿಸಿದಾಗ ಹೇಗಿತ್ತೋ ಆ ಆಕಾರವನ್ನು ಮರೆಯುವುದಿಲ್ಲ. ತಣ್ಣೀರಿನಲ್ಲಿ ಹಿಂಡಿ, ಹೃದಯಕ್ಕೆ ಕಳಿಸುವ ಸಣ್ಣ ಕೊಳವೆಯೊಳಗೆ ತುರುಕಿದರೂ, ಮೈಬಿಸಿ ತಾಗಿದೊಡನೆ ಪಟಕ್ಕನೆ ಅರಳಿ ಮತ್ತೆ ಪುಟ್ಟ ಟೋಪಿಯಾಗುತ್ತದೆ. ಮೊದಲ ಸಲ ಅದನ್ನು ನೋಡಿ ಹಿಲಾರಿಯಾ ಕೂಗಿದ್ದು ಬೀದಿಗೆಲ್ಲ ಕೇಳಿತ್ತು: "ಅಯ್ಯೋ ನನ್ನವ್ವ! ನನ್ ಗಂಡನಿಗಿಂತ ಇದಕ್ಕೇ ಜ್ಞಾಪಕ ಜಾಸ್ತಿ ಕಣ್ರೇ!"

ಕಾರ್ಖಾನೆಯ ಬಾಗಿಲಲ್ಲೇ ಪ್ರಿಮಿತೀವಾ ಗಾಡಿಯಿಟ್ಟು ಅಪಿ, ಅಂದರೆ ನೇರಳೆ ಜೋಳದ ಬಿಸಿ ಅಂಬಲಿ, ಮಾರುತ್ತಿದ್ದಳು. ಅವಳ ಮಗಳು ನಾಯ್ರಾ ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡುವಳು. ಅತ್ತರೆ ತುಟಿ ನೀಲಿ. ಅವಳ ಹೃದಯದ ತೂತಿಗೆ ಹೊಂದುವ ಅಳತೆಯ ಮುಚ್ಚಳವನ್ನು ಅದುವರೆಗೆ ಯಾರೂ ಹೆಣೆದಿರಲಿಲ್ಲ. "ನಾನ್ ಹೆಣೀತೀನಿ," ಎಂದಳು ಹಿಲಾರಿಯಾ. ಮಗುವನ್ನು ಆಸ್ಪತ್ರೆಗೆ ಸೇರಿಸುವ ದಿನವೂ ನಿಗದಿಯಾಯಿತು.

ಅದಕ್ಕೆ ಮುಂಚಿನ ದಿನ ಬೆಳಿಗ್ಗೆ ಮುಚ್ಚಳದ ಪರೀಕ್ಷೆ. ಎಲ್ಲರೂ ಬೋಗುಣಿಯ ಸುತ್ತ ಮುತ್ತಿಕೊಂಡೆವು. ಡಾಕ್ಟ್ರಮ್ಮ ಮುಚ್ಚಳವನ್ನು ಕೊಳವೆಯಿಂದ ಉಗುರುಬೆಚ್ಚಗಿನ ನೀರಿಗೆ ತಳ್ಳಿದರು. ಅರಳಿತು! ಆದರೆ ಒಂದು ಅಂಚು ಮುದುರಿಕೊಂಡೇ ಉಳಿಯಿತು. ಮತ್ತೆ ಹಿಂಡಿ ಬಿಟ್ಟರು. ಮತ್ತೂ ಮುದುರು.

"ಕುಲುಮೆಯಿಂದ ಬಂದಾಗ ಸರಿಯಾಗೇ ಇತ್ತಲ್ಲ. ಆಮೇಲೆ ಯಾರು ಮುಟ್ಟಿದ್ರಿ?" ಎಂದರು.

ಹಿಲಾರಿಯಾ ತನ್ನ ಜಡೆಯ ತುದಿ ಹಿಡಿದು ನಿಂತಳು. "ನಾನೇ, ಡಾಕ್ಟ್ರಮ್ಮ. ತುದಿ ಬಿಚ್ಚಿ ಎಡಹುರಿ ಹಾಕ್ದೆ."

ನಮಗೆಲ್ಲ ಅರ್ಥವಾಯಿತು. ಎಳೆಗೂಸಿನ ಸುತ್ತುಪಟ್ಟಿಯ ಅಂಚಿಗೆ ಎಡಕ್ಕೆ ಹುರಿಮಾಡಿದ ದಾರ ಹಾಕದ ತಾಯಿ ನಮ್ಮಲ್ಲಿಲ್ಲ. ಕೆಟ್ಟದ್ದು ಅದನ್ನು ದಾಟಿ ಬರುವುದಿಲ್ಲ. ಮುಚ್ಚಳಕ್ಕೋ, ತಂತಿಯ ಎರಡು ತುದಿ ಸೇರುವಲ್ಲಿ ಬಲಹುರಿಯೇ ರೂಢಿ.

"ಮಗೂ ಎದೆಯೊಳಗೆ ಹೋಗೋದು, ಕಾವಲಿಲ್ದೆ ಹೆಂಗ್ ಕಳಿಸ್ಲಿ?" ಎಂದಳು ಹಿಲಾರಿಯಾ.

"ಸರಿಹೋಯ್ತು! ಕಾವಲುಗಾರನೇ ಬಾಗ್ಲಲ್ಲಿ ಅಡ್ಡ ಮಲಗವ್ನೆ ನೋಡು!" ಎಂದು ನಮ್ಮ ಜೊತೆ ಹೆಣೆಯುವ ಎಉಸ್ತಾಕಿಯಾ ಕಿಚಾಯಿಸಿದಳು.

ಡಾಕ್ಟ್ರಮ್ಮ ನಗಲಿಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದರು. "ಬೆಂಕಿಯಲ್ಲಿ ಇದು ಬಲಕ್ಕೆ ಅಂತ ಕಲ್ತಿದೆ. ನೀವು ಎಡಕ್ಕೆ ತಿರುಗಿಸಿದ್ದೀರ. ಬಿಸಿ ತಾಗಿದ ಕೂಡ್ಲೆ ಬಲಕ್ಕೆ ತಿರುಗೋಕೆ ಹೋಗಿ ಅಂಚನ್ನ ಎಳೀತಿದೆ. ಇದನ್ನ ಮಗೂಗೆ ಹಾಕೋಕಾಗಲ್ಲ ಹಿಲಾರಿಯಕ್ಕ."

ಬಾಗಿಲಲ್ಲಿದ್ದ ಪ್ರಿಮಿತೀವಾಳ ಕೈಯಿಂದ ಅಪಿಯ ಸೌಟು ಜಾರಿತು. ಅದರ ಸದ್ದಿಗೆ ಹಿಲಾರಿಯಾ ತಲೆಯೆತ್ತಿದಳು.

"ಹಂಗಾದ್ರೆ ಬೆಂಕಿಗೆ ಮುಂಚೇನೇ ಎಡಕ್ಕೆ ಹಾಕಿದ್ರೆ? ಎಡಕ್ಕೇ ಅಂತ ಕಲಿಯಲ್ವಾ?"

ಡಾಕ್ಟ್ರಮ್ಮ ಅವಳನ್ನೇ ನೋಡಿದರು. "ಕಲಿಯುತ್ತೆ. ಆದ್ರೆ ಎರಡು ಹೆಣೀಬೇಕು. ಒಂದನ್ನ ಅದು ಮುರಿಯೋವರೆಗೂ ಎಳ್ದು ನೋಡ್ತೀನಿ. ಬಲಹುರಿಯಷ್ಟು ತಡೀಲಿಲ್ಲ ಅಂದ್ರೆ ನಾಳೆ ಮಗೂಗೆ ಹಾಕೋದಿಲ್ಲ. ಆಗ್ಬಹುದಾ?"

"ತಂತಿ ತನ್ರೇ!" ಎಂದು ಹಿಲಾರಿಯಾ ಆಗಲೇ ಕೂತಾಗಿತ್ತು.

ಒಂದು ಅವಳು, ಇನ್ನೊಂದು ನಾನು. ಉಸಿರು ಬಿಟ್ಟರೆ ಹಾರಿಹೋಗುವ ತಂತಿ. ಎಉಸ್ತಾಕಿಯಾ ನಮ್ಮ ಬಾಯಿಗೆ ರೊಟ್ಟಿ ಇಡುತ್ತ, "ನುಂಗ್ರೇ, ಅಗೀಬೇಡಿ, ಕೈ ಅಲ್ಲಾಡತ್ತೆ!" ಎಂದು ಗದರುತ್ತಿದ್ದಳು. ಸಂಜೆಯ ಬಿಸಿಲು ಇಯಿಮಾನಿ ಬೆಟ್ಟದ ಹಿಮ ಬಿಡುವ ಮೊದಲೇ ಎರಡೂ ಕುಲುಮೆಯಿಂದ ಹೊರಬಂದವು. ನನ್ನದನ್ನು ಎಳೆದರು, ಹಿಂಡಿದರು, ಎಳೆದರು. ಬಲಹುರಿಯದು ತಡೆಯುವಷ್ಟನ್ನೂ ತಡೆದು, ಆಮೇಲೆಯೇ ಮುರಿಯಿತು. ನನ್ನ ಕೆಲಸ ಮುರಿದಿದ್ದಕ್ಕೆ ನಾನೇ ಚಪ್ಪಾಳೆ ತಟ್ಟಿದೆ.

ಹಿಲಾರಿಯಾಳದು ನೀರಿಗೆ ಬಿತ್ತು. ಪಟ್! ಒಂದು ಮುದುರಿಲ್ಲ. ಕೋಣೆಯೆಲ್ಲ ಕೂಗಾಟ, ಯಾರದೋ ದುಂಡುಟೋಪಿ ಬೋಗುಣಿಗೇ ಬಿತ್ತು.

ಮರುದಿನ ಆಸ್ಪತ್ರೆಯಲ್ಲಿ, ನಾಯ್ರಾಳ ತೊಡೆಯ ರಕ್ತನಾಳದಿಂದ ಕೊಳವೆ ಹತ್ತಿ ಹೋಯಿತು. ಮುಚ್ಚಳ ಅರಳಿ ತೂತಿಗೆ ಕೂತಿದ್ದನ್ನು ಪರದೆಯಲ್ಲಿ ನೋಡಿದ ಡಾಕ್ಟ್ರಮ್ಮ ಹೊರಗೆ ಬಂದು ಎರಡೂ ಅಂಗೈ ಅರಳಿಸಿ ತೋರಿಸಿದರು. ಪ್ರಿಮಿತೀವಾ ಹಿಲಾರಿಯಾಳ ಲಂಗ ಹಿಡಿದು ಅಳುತ್ತಲೇ ಇದ್ದಳು.

ಮಗು ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಪ್ರಿಮಿತೀವಾಳ ಚೀತ್ಕಾರ: "ಹಿಲಾರಿಯಕ್ಕಾ, ಓಡ್ಬಾ! ತುಟಿ ಮತ್ತೆ ನೀಲಿಯಾಗೈತೆ!"

ಹಿಲಾರಿಯಾ ತಂತಿ ಬಿಟ್ಟು ಓಡಿದಳು. ನಾಯ್ರಾ ಗಾಡಿಯ ಹಿಂದೆ ಪಿಳಿಪಿಳಿ ನೋಡುತ್ತ ನಿಂತಿದ್ದಳು. ಹಿಲಾರಿಯಾ ಶಾಲಿನ ತುದಿಯನ್ನು ಎಂಜಲು ಮಾಡಿ ಮಗುವಿನ ತುಟಿ ಒರೆಸಿದಳು. ನೇರಳೆ ಬಣ್ಣ ಶಾಲಿಗೆ ಬಂತು. ಒಳಗಿನ ತುಟಿ ಕೆಂಪಗೆ ಹೊಳೆಯಿತು.

"ಅಪಿ ಕಣೇ, ಪೆದ್ದಿ! ಕದ್ದು ಕುಡಿದೈತೆ!"

ಅಷ್ಟು ಕೇಳಿದ್ದೇ ತಡ, ಆ ಪುಟ್ಟ ಕಳ್ಳಿ, ಬೀದಿಯ ಕೊನೆಯವರೆಗೂ ಓಡಿದಳು. ಎಲ್ಲೂ ಕೂರಲಿಲ್ಲ.