ಹಗೇವಿನ ಬಾಯಿಗೆ ಕೂಡಿಸಿದ ಸ್ಪೀಕರ್

ದೆವ್ವ ಕಂಡೆವೆಂದು ಹೇಳುವವರ ಮುಖಕ್ಕೇ ನಾನು ನಗುತ್ತಿದ್ದೆ. ಗಣಿತದ ಮಾಸ್ತರನೆಂಬ ಸೊಕ್ಕು ಬೇರೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನನ್ನ ಬಲಗೈ ಇಂದಿಗೂ ಹೆಗಲಿನಿಂದ ಮೇಲೆ ಏಳುವುದಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಸೈಕಲ್ಲಿನಿಂದ ಬಿದ್ದೆ ಎಂದು ಸುಳ್ಳು ಹೇಳಿ ಸಾಕಾಗಿದೆ.

ಅರವತ್ತರ ದಶಕದ ಮಧ್ಯದಲ್ಲಿ ತಿಕೋಟದ ಶಾಲೆಯಲ್ಲಿದ್ದೆ. ಬಸಪ್ಪನೆಂಬ ರೈತನ ಮನೆಯ ಪಡಸಾಲೆ ನನ್ನ ಬಾಡಿಗೆಯ ಬಿಡಾರ. ಒಳಮನೆಯಲ್ಲಿ ಅವನು ಮತ್ತು ಅವನ ತಾಯಿ ಗಂಗವ್ವ. ಕಿರಿಯ ಮಗ ಸಿದ್ರಾಮ ಹೊಲದ ಬದುವಿಗಾಗಿ ಅಣ್ಣನೊಂದಿಗೆ ಜಗಳಾಡಿ ಕಣ್ಮರೆಯಾಗಿ ಆರು ವರ್ಷವಾಗಿತ್ತು. ಗಂಗವ್ವ ದಿನಾ ಅವನ ಪಾಲಿನ ರೊಟ್ಟಿ ಎತ್ತಿಡುತ್ತಿದ್ದಳು.

ನನಗೆ ಹಾಡು ಕೇಳುವ ಹುಚ್ಚು. ವಿಜಾಪುರದಿಂದ ಬಿಡಿಭಾಗ ತಂದು ನಾನೇ ವಾಲ್ವಿನ ಆಂಪ್ಲಿಫೈಯರ್ ಕಟ್ಟಿದ್ದೆ. ಏನು ಮಾಡಿದರೂ ದನಿ ತಗಡು ಬಡಿದಂತೆ ಬರುತ್ತಿತ್ತು. ಪೆಟ್ಟಿಗೆ ದೊಡ್ಡದು ಮಾಡಿಸಿದೆ, ಒಳಗೆ ಹತ್ತಿ ತುರುಕಿದೆ, ಮೂಲೆಗೆ ತಳ್ಳಿದೆ. ತಬಲಾದ ಎಡಗೈ ಪೆಟ್ಟು ಎದೆಗೆ ಮುಟ್ಟಲೇ ಇಲ್ಲ. ಸ್ಪೀಕರಿನ ಬೆನ್ನಿಗೆ ಮುಚ್ಚಿದ ಗಾಳಿ ಇನ್ನೂ ಹೆಚ್ಚು ಬೇಕಿತ್ತು. ಅದು ನನ್ನ ಕಾಲಡಿಯಲ್ಲೇ ಇತ್ತು. ಪಡಸಾಲೆಯ ನೆಲದಲ್ಲಿ ಹಗೇವು, ಅಂದರೆ ಜೋಳ ತುಂಬಿಡಲು ಆಳು ಮುಳುಗುವಷ್ಟು ತೋಡಿದ ಗುಳಿ. ಬರಿದಾಗಿ, ಬಾಯಿಗೆ ಕಲ್ಲು ಮುಚ್ಚಿ ವರ್ಷಗಳಾಗಿದ್ದವು. ಬಸಪ್ಪನನ್ನು ಕೇಳಿದರೆ, ಆ ಕಲ್ಲು ಮುಟ್ಟಬೇಡಿ ಎಂದುಬಿಟ್ಟ.

ಅವನು ಬಬಲೇಶ್ವರದ ಸಂತೆಗೆ ಹೋದ ದಿನ ಗಂಗವ್ವನನ್ನು ಪುಸಲಾಯಿಸಿ ಕಲ್ಲು ಸರಿಸಿದೆ. ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟು, ರೂಢಿಯಂತೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ದೀಪ ಆರಲಿಲ್ಲ. ಒಳಗೆ ನಾಲ್ಕು ಕಾಳು ಬಿಟ್ಟರೆ ಏನೂ ಇರಲಿಲ್ಲ. ಹಲಗೆಗೆ ಸ್ಪೀಕರ್ ಕೂಡಿಸಿ ಬಾಯಿಗೆ ಮುಚ್ಚಿದೆ, ಸುತ್ತ ಹಸಿಮಣ್ಣು ಮೆತ್ತಿ ರೆಕಾರ್ಡು ಹಾಕಿದೆ.

ಆ ಪೆಟ್ಟು ನೆಲದಿಂದೆದ್ದು ನನ್ನ ಹೊಟ್ಟೆಗೇ ತಾಗಿತು. ಅಂಥ ದನಿ ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸುಖಕ್ಕೆ ಕಣ್ಣು ತುಂಬಿ ಬಂತು.

ರೆಕಾರ್ಡು ಮುಗಿಯಿತು. ಮುಳ್ಳು ಎತ್ತಿದೆ. ಪೆಟ್ಟು ನಿಲ್ಲಲಿಲ್ಲ. ಸ್ವಿಚ್ಚು ಆರಿಸಿದೆ, ತಂತಿ ಕಿತ್ತೆ. ಸ್ಪೀಕರಿನ ಕಾಗದ ಹಾಗೇ ಉಬ್ಬಿ ಕುಗ್ಗುತ್ತಿತ್ತು. ಯಾರನ್ನೋ ಬಡಿಯುವ ಸಪ್ಪಳ ಅದು. ನಡುವೆ ಮೂಳೆ ಮುರಿದದ್ದೂ ಕೇಳಿತು. ಆಮೇಲೆ ಒಬ್ಬ ಗಂಡಸಿನ ದನಿ: "ಯಣ್ಣಾ, ಸಾಕೋ. ಹಗೇವಿನ ಬಾಯಿ ಮುಚ್ಚಬ್ಯಾಡೋ, ನಾ ಇನ್ನೂ ಜೀವಂತ ಅದೀನಿ."

ಗಂಗವ್ವ ನೆಲಕ್ಕೆ ಕಿವಿಹಚ್ಚಿ, ಸಿದ್ರಾಮ, ಸಿದ್ರಾಮ ಎಂದು ಉಗುರಿನಿಂದ ಮಣ್ಣು ಕೆರೆಯತೊಡಗಿದಳು.

ಅಷ್ಟರಲ್ಲಿ ಬಸಪ್ಪ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಕೇಳಿಸಿತ್ತು. ಮೂಲೆಯ ಹಾರೆ ಹಿರಿದವನೇ ಅಡ್ಡ ಬಂದ ನನ್ನ ಹೆಗಲಿಗೆ ಬೀಸಿದ. ನಾನು ಬಿದ್ದೆ. ಸ್ಪೀಕರ್ ಪುಡಿಯಾಯಿತು, ವಾಲ್ವುಗಳು ಸಿಡಿದವು. ಅವನು ಹಗೇವಿನ ಬಾಯೊಳಗೇ ಹಾರೆ ಚುಚ್ಚುತ್ತ ಒದರುತ್ತಿದ್ದ: "ಮತ್ಯಾಕ ಎದ್ದಿ ಲೇ?" ಬಿಡಿಸಲು ಹಿಡಿದ ತಾಯಿಯನ್ನು ಗೋಡೆಗೆ ಒಗೆದ. ಅವಳ ಹಣೆ ಒಡೆಯಿತು. ನೆರೆಯವರು ಓಡಿ ಬಂದು ಅವನನ್ನು ಎತ್ತಿನ ಹಗ್ಗದಿಂದ ಕಂಬಕ್ಕೆ ಕಟ್ಟಿದರು.

ಪೊಲೀಸರು ಬಂದು ಹಗೇವಿನ ತಳ ಅಗೆಸಿದರು. ಒಂದು ಎಲುಬೂ ಸಿಗಲಿಲ್ಲ. ಬಸಪ್ಪನನ್ನು ಬಿಟ್ಟು ಹೋದರು.

ಮರುವರ್ಷ ಸಿದ್ರಾಮ ಬಂದ. ಹೌದು, ಜೀವಂತ. ಸೊಲ್ಲಾಪುರದ ಗಿರಣಿಯಲ್ಲಿದ್ದನಂತೆ. ಮೈಮೇಲೆ ಒಂದು ಗಾಯದ ಕಲೆಯೂ ಇರಲಿಲ್ಲ. ಅವತ್ತು ಬೈದಾಟಕ್ಕಿಂತ ಹೆಚ್ಚೇನೂ ಆಗಿರಲಿಲ್ಲ, ಸಿಟ್ಟಿನಲ್ಲಿ ತಾನೇ ಹೋದೆ ಎಂದ. ಹಾಗಾದರೆ ಬಸಪ್ಪ ಅಂಜಿದ್ದು ಯಾರಿಗೆ? ಅವನಂತೂ ತಮ್ಮನನ್ನು ಕಂಡದ್ದೇ ಗೋಡೆಯ ಕಡೆ ತಿರುಗಿ ಥರಥರ ನಡುಗತೊಡಗಿದ. ಇದಕ್ಕೆ ಯಾವ ಲೆಕ್ಕವೂ ನನಗೆ ಇಂದಿಗೂ ಹತ್ತಿಲ್ಲ.

ಆ ಸಂಜೆ ಗಂಗವ್ವ ಮಗನ ಮುಖ ಮೋರೆಯೆಲ್ಲ ಸವರಿ ನೋಡಿದಳು. ನಂತರ ಎತ್ತಿಟ್ಟ ರೊಟ್ಟಿ ತಂದಳು. ಅವನು ಕೈಯೊಡ್ಡಿದ. ಅವಳು ಅವನನ್ನು ದಾಟಿ ಹೋಗಿ, ರೊಟ್ಟಿ ಮುರಿದು ಹಗೇವಿನೊಳಗೆ ಹಾಕಿದಳು.

"ನೀ ಯಾರೋ ಏನೋ, ಯಪ್ಪಾ," ಅಂದಳು. "ನನ್ನ ಮಗಾ ಒಳಗ ಹಸದಾನ."