ಶಿಖರದ ದಾರಿಗೆ ಅಡ್ಡ ನಿಂತೆ

ಹೊಳಲ್ಕೆರೆಯಿಂದ ಹೆಡ್‌ಮಾಸ್ಟರ್ ಸೇರಿ ನಾವು ನಾಲ್ವರು ಶಿಕ್ಷಕರು ಹಿಮಾಲಯ ಚಾರಣಕ್ಕೆ ಹೋಗಿದ್ದೆವು. ಶಿಖರಕ್ಕೆ ಇನ್ನು ಅರ್ಧ ಗಂಟೆಯ ದಾರಿಯಿದ್ದಾಗ ಕರಿಮೋಡ ಕವಿದು, ನನ್ನ ಕೈಯಲ್ಲಿದ್ದ ಲೋಹದ ಕೋಲು ಗುಂಯ್‌ಗುಡತೊಡಗಿತು. ಸಿಡಿಲು ಬೀಳುತ್ತದೆ, ತಕ್ಷಣ ಇಳಿಯಿರಿ ಎಂದು ಗೈಡ್ ಕೂಗಿದ. ನಮ್ಮ ಹೆಡ್‌ಮಾಸ್ಟರ್ ಮಾತ್ರ ಕದಲಲಿಲ್ಲ.

"ಇಷ್ಟು ದೂರ ಬಂದು ವಾಪಸ್ ಹೋದ್ರೆ ಊರಾಗೆ ನಗ್ತಾರಮ್ಮ. ಮೇಲಕ್ಕೆ ನಡೀರಿ."

ಶಾಲೆಯಲ್ಲಿ ನಾನು ಎಂದೂ ಅವರಿಗೆ ಎದುರಾಡಿದವಳಲ್ಲ. ಅಂದು ದಾರಿಗೆ ಅಡ್ಡ ನಿಂತೆ.

"ನಗೋರು ನಗ್ಲಿ ಸಾರ್. ನಾನಂತೂ ಬಿಡಲ್ಲ. ಇಳೀರಿ ಮೊದ್ಲು!"

ಗೊಣಗುತ್ತಲೇ ಇಳಿದರು. ಕೆಳಗಿನ ತಗ್ಗಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ, ನಾವು ನಿಂತಿದ್ದ ದಿಬ್ಬಕ್ಕೇ ಸಿಡಿಲು ಬಡಿಯಿತು. ಹೆಡ್‌ಮಾಸ್ಟರ್ ನನ್ನ ತೋಳು ಹಿಡಿದುಕೊಂಡರು.

ಮುಂದಿನ ವರ್ಷ ಮತ್ತೆ ಹೋಗುತ್ತೇನೆ. ಮೋಡ ಕವಿದರೆ ಮತ್ತೆ ಇಳಿಯುತ್ತೇನೆ, ಜೊತೆಗಿದ್ದವರನ್ನೂ ಇಳಿಸುತ್ತೇನೆ.