ನಡುಹೊಳೆಯ ಸಾಕ್ಷಿ

ಪಾಪಿನಾಯಕನಹಳ್ಳಿಯ ಪಲ್ಲವಿ ಸಿಟ್ಟು ಬಂದರೆ ಬೈಯುವುದಿಲ್ಲ, ನಗುತ್ತಾಳೆ. “ಆಕಿ ಬೈದ್ರ ಚಿಂತಿಲ್ಲ, ನಕ್ರ ನನಗ ಅಂಜಿಕಿ” ಎನ್ನುತ್ತಾಳೆ ತಾಯಿ ಭೀಮವ್ವ. ಕಂಪ್ಲಿಯ ಬಸವಕುಮಾರ್ ಆ ನಗುವನ್ನು ಎರಡು ವರ್ಷ ನೋಡಿದರು, ಪಾಪ, ಅವರಿಗೆ ಅರ್ಥವಾಗಲಿಲ್ಲ.

ಪಲ್ಲವಿ ಸಂಡೂರಿನ ಗಣಿಯೊಂದರಲ್ಲಿ ಸರ್ವೇಯರ್. ಅಪ್ಪ ಕೆಂಚಣ್ಣ ಮೂವತ್ತು ವರ್ಷ ಮೋಜಣಿದಾರರ ಹಿಂದೆ ಭೂಮಿ ಅಳೆಯುವ ಸರಪಳಿ ಎಳೆದೇ ಸತ್ತ. ಅವನ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಮಗಳಿಗೆ ಗಡಿಯ ಹುಚ್ಚು ಹತ್ತಿದ್ದು ಅವನಿಂದ. ಮೂರು ರಾಜ್ಯಗಳ ಗಡಿ ಕೂಡುವ ಜಾಗಗಳನ್ನು ಹುಡುಕಿ ಹೋಗುವ ಹವ್ಯಾಸಿಗಳ ಬಳಗವೊಂದು ಹೊಸಪೇಟೆಯಲ್ಲಿದೆ ಎಂದು ತಿಳಿದಾಗ ಓಡಿಹೋಗಿ ಸೇರಿದಳು. ಅದರ ಯಜಮಾನಿಕೆ ಬಸವಕುಮಾರರದು. ಅಕ್ಕಿ ಗಿರಣಿ ಇತ್ತು, ಜೀಪಿತ್ತು, ಗಂಟಲಂತೂ ಬಲು ದೊಡ್ಡದು.

ಕರ್ನಾಟಕಕ್ಕೆ ಅಂಥ ಜಾಗಗಳು ಐದು. ಮೊದಲನೆಯದು ತುಂಗಭದ್ರೆಯಲ್ಲಿ. ಹಂಪಿಯ ಪಕ್ಕ ಹರಿಯುವ ಇದೇ ಹೊಳೆ ಮಂತ್ರಾಲಯ ದಾಟಿದ ಮೇಲೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ನಡುನೀರಿನಲ್ಲಿ ಕೂಡುತ್ತವೆ. ಬಳಗದ ಉಳಿದವರು ಬಿಸಿಲಿಗೆ ಅಂಜಿ ಮಂತ್ರಾಲಯದಲ್ಲೇ ಉಳಿದರು. ಬಸವಕುಮಾರರಿಗೆ ನೀರೆಂದರೆ ಭಯ. ದಡದ ಮರಳಿನ ಮೇಲೆ ಕೊಡೆ ಹಿಡಿದು ನಿಂತರು. ಪಲ್ಲವಿ ಜಿಪಿಎಸ್ ಯಂತ್ರವನ್ನು ತಲೆಯ ಮೇಲೆತ್ತಿಕೊಂಡು ಎದೆಮಟ್ಟದ ನೀರಿಗಿಳಿದಳು. ಯಂತ್ರದ ಅಂಕಿ ಗಡಿಯ ಅಂಕಿಗೆ ಸರಿಹೊಂದಿದ ಕಡೆ ನಿಂತು, ಅಪ್ಪನನ್ನು ನೆನೆದು ಅತ್ತಳು.

ಮೂರನೇ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ನಡುಹೊಳೆಯಲ್ಲಿ ನಿಂತವರು ಬಸವಕುಮಾರ್. ಸಾಮಾನು ಹೊರಲು ಒಬ್ಬ ಹುಡುಗಿಯೂ ಹೋಗಿದ್ದಳಂತೆ.

“ನೀರಾಗ ಯಾರು ನಿಂತ್ರ ಏನವ್ವಾ? ಜೀಪು ನಂದು, ಬಳಗ ನಂದು. ಪುಸ್ತಕದಾಗೂ ನನ್ನ ಹೆಸರು ಬರಿ,” ಎಂದರು ಬಸವಕುಮಾರ್.

“ಆತ್ರಿ ಸರ್,” ಎಂದು ಪಲ್ಲವಿ ನಕ್ಕಳು.

ಬಳಗದ ಪುಸ್ತಕದಲ್ಲಿ ಮೂರು ಕಾಲಂ: ನಿಂತವರ ಹೆಸರು, ನಿಂತ ಜಾಗದ ಅಕ್ಷಾಂಶ-ರೇಖಾಂಶ, ಕಣ್ಣಾರೆ ಕಂಡವರ ಸಹಿ. ಪಲ್ಲವಿ ಅವರ ಹೆಸರನ್ನೇ ಬರೆದಳು. ಅಂಕಿ ಮಾತ್ರ ಅವರು ನಿಂತಿದ್ದ ಮರಳಿನದು, ಕಂಡವರ ಸಹಿ ತನ್ನದು. ಉಳಿದ ನಾಲ್ಕು ಕಡೆಗೂ ಅವರ ಜೀಪಿನಲ್ಲಿ ಜೊತೆಗೆ ಹೋದಳು. ಇಬ್ಬರಲ್ಲಿ ಯಂತ್ರ ನೋಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಏದುಸಿರು ಬಂದಲ್ಲಿ ಬಸವಕುಮಾರ್ ನಿಂತುಬಿಡುತ್ತಿದ್ದರು. “ಇದ ಜಾಗ ಅಲ್ಲ? ಬರ್ಕೋ.”

“ನೀವು ನಿಂತ ಜಾಗದ್ದು ಬರ್ಕೊಂಡೀನ್ರಿ ಸರ್.”

ಒಂದಕ್ಷರ ಸುಳ್ಳಿಲ್ಲ. ಇನ್ನೂ ಮುಂದೆ ನಡೆಯಬೇಕೆಂದು ಹೇಳಲಿಲ್ಲ, ಅಷ್ಟೇ.

ಐದೂ ಮುಗಿದದ್ದಕ್ಕೆ ಹೊಸಪೇಟೆಯ ಹೋಟೆಲಿನಲ್ಲಿ ಸನ್ಮಾನ. ಶಾಲು, ಹಾರ ಎಲ್ಲ ಆದ ಮೇಲೆ ಪಲ್ಲವಿ ಮೈಕು ಹಿಡಿದಳು. “ನಾನು ಪುಸ್ತಕದಾಗಿನ ಅಂಕಿ ಓದ್ತೀನ್ರಿ. ಎಲ್ಲಾರೂ ನಿಮ್ಮ ಮೊಬೈಲಿನ ಮ್ಯಾಪಿನ್ಯಾಗ ಹಾಕಿ ನೋಡ್ರಿ.”

ಮೊದಲನೆಯದು ದಡದ ಮರಳು. ಎರಡನೆಯದು ಚಹಾದಂಗಡಿ. ಮೂರನೆಯದು ಜೀಪು ನಿಲ್ಲಿಸಿದ್ದ ರಸ್ತೆ. ಯಾರೋ ಕಿಸಕ್ಕೆಂದರು. ಒಂದು ಗೇಣು ತಪ್ಪಿದರೂ ಒಪ್ಪದ ಜನ ಆ ಬಳಗದವರು. ಐದನೆಯದರ ಹೊತ್ತಿಗೆ ನಗುವೂ ನಿಂತು, ಎಲ್ಲರೂ ಬಸವಕುಮಾರರ ಮುಖವನ್ನೇ ನೋಡುತ್ತಿದ್ದರು.

“ಎರಡು ವರ್ಷ ನನ್ನ ಜೀಪಿನ್ಯಾಗ ತಿರುಗಿ ಹಿಂಗ ಮಾಡಿದೇನವ್ವಾ?”

“ಹೌದ್ರಿ ಸರ್, ಎರಡು ವರ್ಷ ಕಾದೀನಿ. ಈಗ ಭಾಳ ಹಿತ ಆತು.”

ಅವಳು ಪುಸ್ತಕದ ಹೊಸ ಹಾಳೆ ತೆಗೆದಳು. ‘ಪಲ್ಲವಿ ಕೆಂಚಣ್ಣ’ ಎಂದು ಬರೆದು, ಮುಂದೆ ನಡುಹೊಳೆಯ ಅಂಕಿ ಬರೆದಳು. ಆಮೇಲೆ ಪುಸ್ತಕವನ್ನು ಬಸವಕುಮಾರರ ಮುಂದೆ ತಳ್ಳಿದಳು.

“ಅವತ್ತು ಹೊಳಿಯಾಗ ನಾ ನಿಂತಿದ್ದನ್ನ ನೋಡಿದೋರು ನಿಮ್ಮನ್ನ ಬಿಟ್ರ ಯಾರೂ ಇಲ್ರಿ. ಸಾಕ್ಷಿ ಸಹಿ ಹಾಕ್ರಿ.”

“ಬ್ಯಾಡವ್ವಾ, ಇಷ್ಟು ಮಂದಿ ಮುಂದ...”

“ಇಷ್ಟು ಮಂದಿ ಮುಂದನ ಬೇಕ್ರಿ.”

ಬಸವಕುಮಾರ್ ಸುತ್ತ ನೋಡಿದರು. ಹೊದಿಸಿದ ಶಾಲಿನಲ್ಲೇ ಬಗ್ಗಿ ಪೆನ್ನು ಹಿಡಿದರು. ಸಹಿ ಪೂರ್ತಿ ಮುಗಿಯುವವರೆಗೂ ಪಲ್ಲವಿ ಪುಸ್ತಕದ ಮೇಲಿಂದ ಕೈ ತೆಗೆಯಲಿಲ್ಲ.